ಟೂಲ್ ವಿವರಣೆ ಹೇಗೆ ಬರೆಯುತ್ತೀರಿ? ನಮ್ಮ ಏಜೆಂಟ್‌ಗೆ ಚೀಲವೂ ಒಂದೇ, ಕ್ವಿಂಟಲ್ಲೂ ಒಂದೇ

ಕೇಳಿದವರು, ದಾವಣಗೆರೆ:
ನಮ್ಮದು ಮೆಕ್ಕೆಜೋಳದ ದಲಾಲಿ ಮಂಡಿ. ಲೆಕ್ಕ ನೋಡಿಕೊಳ್ಳಲು ಒಂದು ಎಐ ಏಜೆಂಟ್ ಕಟ್ಟಿದ್ದೇನೆ. (ಏಜೆಂಟ್ ಅಂದ ಕೂಡಲೇ ನಮ್ಮ ಸಾಹುಕಾರ್ರು ಕೇಳಿದ್ದು, 'ಕಮಿಷನ್ ಎಷ್ಟಂತೆ?') ಅದಕ್ಕೆ ಮೂರು ಟೂಲ್ (ಬೇಕಾದಾಗ ಅದು ಕರೆದು ಬಳಸುವ ಪ್ರೋಗ್ರಾಂಗಳು) ಕೊಟ್ಟಿದ್ದೇನೆ: ಖಾತೆ ನೋಡುವುದು, ದಾಸ್ತಾನು ನೋಡುವುದು, ರೈತರ ಪಟ್ಟಿ ಮಾಡುವುದು. ಮೊನ್ನೆ 40 ಚೀಲ ಅಂತ ಬರೆದರೆ 40 ಕ್ವಿಂಟಲ್‌ಗೆ ಪಟ್ಟಿ ಮಾಡಿಬಿಟ್ಟಿತು. ಪುಣ್ಯಕ್ಕೆ ರೈತರ ಕೈಗೆ ಹೋಗುವ ಮುಂಚೆ ಕಣ್ಣಿಗೆ ಬಿತ್ತು. ವಿವರಣೆಯಲ್ಲಿ 'ರೈತರ ಪಟ್ಟಿ ಮಾಡುತ್ತದೆ' ಅಂತ ಅಷ್ಟೇ ಬರೆದಿದ್ದೆ. ಮಾಡೆಲ್ (ಏಜೆಂಟ್ ಒಳಗಿರುವ ಎಐ) ಬದಲಿಸಬೇಕಾ, ವಿವರಣೆ ಬದಲಿಸಬೇಕಾ? ಮಾಡಿ ನೋಡಿದವರು ಹೇಳಿ.

ಸಾಫ್ಟ್‌ವೇರ್ ಮಾಡಿಕೊಡುವವರು, ದಾವಣಗೆರೆ:
ಮಾಡೆಲ್ ಬದಲಿಸಬೇಡಿ ಸರ್, ಸುಮ್ನೆ ದುಡ್ಡು ದಂಡ. ನಿಮ್ಮ ಕೋಡ್ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೆ ಕಾಣುವುದು ಟೂಲ್ ಹೆಸರು, ವಿವರಣೆ, ಪ್ಯಾರಾಮೀಟರ್‌ಗಳು (ಟೂಲ್‌ಗೆ ತುಂಬಿಕೊಡಬೇಕಾದ ಮಾಹಿತಿಯ ಜಾಗಗಳು), ಅಷ್ಟೇ. ನಿಮ್ಮಲ್ಲಿ ಪ್ಯಾರಾಮೀಟರ್ ಹೆಸರು 'ಪ್ರಮಾಣ' ಅಂತ ಇರಬೇಕು, ಅಲ್ವಾ? ಅದನ್ನು 'ತೂಕ_ಕೆಜಿ' ಮಾಡಿ. ಕೆಳಗೆ ಹೀಗೆ ಬರೆಯಿರಿ: 'ಕಾಟಾದಲ್ಲಿ ಬಂದ ನಿವ್ವಳ ತೂಕ, ಕೆಜಿಯಲ್ಲಿ. ದರ ಮಾತ್ರ ಕ್ವಿಂಟಲ್‌ಗೆ, ಅಂದರೆ 100 ಕೆಜಿಗೆ. ಚೀಲದ ಲೆಕ್ಕವಷ್ಟೇ ಹೇಳಿದರೆ ಊಹಿಸಬೇಡ, ತೂಕ ಕೇಳು.' ಕೊನೆಯ ವಾಕ್ಯ ಬಿಡಲೇಬೇಡಿ. ಚೀಲ ಎಷ್ಟು ತೂಗುತ್ತದೆ ಅನ್ನುವುದು ಹಮಾಲರಿಗೆ ಗೊತ್ತು, ಅದಕ್ಕೆಲ್ಲಿ ಗೊತ್ತು?
ದಿನಾಂಕಕ್ಕೂ ಇದೇ ಗತಿ. 03/04 ಅಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ವಿವರಣೆಯಲ್ಲೇ 2025-04-03 ಅಂತ ಒಂದು ನಮೂನೆ ಕೊಡಿ.

ಅಡಿಕೆ ವ್ಯಾಪಾರದವರು, ಭೀಮಸಮುದ್ರ:
ನಮ್ಮದು ಕೇಳಿ, ನಗಬೇಡಿ. ಅಪ್ಪ ಏಜೆಂಟ್‌ಗೆ 'ರಾಶಿ ಎಷ್ಟಿದೆ?' ಅಂತ ಕೇಳಿದರು. ಅದು ಗೋದಾಮಿನ ಅಡಿಕೆಯನ್ನೆಲ್ಲ ಕೂಡಿ ಒಂದೇ ಅಂಕಿ ಕೊಟ್ಟಿತು. ಬೆಟ್ಟೆ, ಗೊರಬಲು ಎಲ್ಲ ಸೇರಿಸಿ! ನಾನು ಎರಡು ದಿನ ಕೋಡ್‌ನಲ್ಲಿ ತಪ್ಪು ಹುಡುಕಿದೆ. ಕೊನೆಗೆ ಲಾಗ್ ತೆಗೆದು ನೋಡಿದರೆ, 'ಬಗೆ' ಅನ್ನುವ ಜಾಗವನ್ನು ಖಾಲಿ ಬಿಟ್ಟು ಟೂಲ್ ಕರೆದಿತ್ತು. ಪಾಪ, ಅದರ ತಪ್ಪೇನು? ರಾಶಿ ಅಂದರೆ ಗುಡ್ಡೆ ಅಂತ ತಿಳಿದುಕೊಂಡಿದೆ. ಆಮೇಲೆ ಆ ಜಾಗಕ್ಕೆ ನಾಲ್ಕೇ ಆಯ್ಕೆ ಇಟ್ಟೆ: ರಾಶಿ, ಬೆಟ್ಟೆ, ಗೊರಬಲು, ಸರಕು. ಜೊತೆಗೆ ಒಂದು ಸಾಲು: 'ಇಲ್ಲಿ ರಾಶಿ ಎಂದರೆ ಅಡಿಕೆಯ ಒಂದು ಬಗೆ, ಗುಡ್ಡೆ ಅಲ್ಲ.' ಮತ್ತೆ ಆ ತಪ್ಪು ಬಂದಿಲ್ಲ.
ನಿಮ್ಮ 'ಪಟ್ಟಿ'ಯೂ ಇದೇ ಜಾತಿ, ನೋಡಿಕೊಳ್ಳಿ. ಮಂಡಿಯವರಿಗೆ ಪಟ್ಟಿ ಅಂದರೆ ರೈತರಿಗೆ ಕೊಡುವ ಮಾರಾಟದ ಬಿಲ್; ಮಂಡಿಯ ಹೊರಗಿನವರಿಗೆ ರೈತರ ಪಟ್ಟಿ ಅಂದರೆ ರೈತರ ಹೆಸರುಗಳ ಲಿಸ್ಟ್.

ಎಣ್ಣೆ ಮಿಲ್ಲಿನ ಲೆಕ್ಕದವರು, ಚಳ್ಳಕೆರೆ:
ನಮಗೆ ಕೈ ಕೊಟ್ಟಿದ್ದು ಹೆಸರು. ಶೇಂಗಾ ಹಾಕುವವರಲ್ಲಿ ತಿಪ್ಪೇಸ್ವಾಮಿಗಳೇ ಆರು ಜನ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಸೀಮೆ, ಇನ್ನೇನಾಗುತ್ತೆ! ಒಬ್ಬರ ಅಡ್ವಾನ್ಸ್ ಇನ್ನೊಬ್ಬರ ಖಾತೆಗೆ ಹೋಯಿತು. ಈಗ ಖಾತೆ ಟೂಲ್ ಹೆಸರು ತೆಗೆದುಕೊಳ್ಳುವುದೇ ಇಲ್ಲ, ಖಾತೆ ನಂಬರ್ ಮಾತ್ರ. ನಂಬರ್ ಹುಡುಕಲು ಬೇರೆ ಟೂಲ್. ಅದು ಊರು, ತಂದೆ ಹೆಸರು ಸಮೇತ ಕೊಡುತ್ತದೆ. 'ಒಬ್ಬರಿಗಿಂತ ಜಾಸ್ತಿ ಸಿಕ್ಕರೆ ನೀನೇ ಆರಿಸಬೇಡ, ಕೇಳು' ಅಂತ ಅದರ ವಿವರಣೆಯಲ್ಲಿದೆ.
ಎರರ್ ಸಂದೇಶವನ್ನೂ ಮಾಡೆಲ್ ಓದುತ್ತದೆ. ಬರೀ 'ಎರರ್ 400' ಅಂತ ಬಂದರೆ ಅದನ್ನೇ ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತದೆ. 'ಖಾತೆ ನಂಬರ್ ಬೇಕು, ಮೊದಲು ಹುಡುಕುವ ಟೂಲ್ ಬಳಸು' ಅಂತ ಬರೆದ ಮೇಲೆ ತಾನೇ ತಿದ್ದಿಕೊಳ್ಳುತ್ತಿದೆ.

ಹರಿಹರದವರು, ಈಗ ಬೆಂಗಳೂರಿನಲ್ಲಿ ಕೆಲಸ:
ಎಲ್ಲರ ಮಾತೂ ಸರಿ, ಆದರೆ ಪುರಾಣ ಬರೆಯಲು ಹೋಗಬೇಡಿ. ಸಾಮಾನ್ಯವಾಗಿ ಎಲ್ಲ ಟೂಲ್‌ಗಳ ವಿವರಣೆಯೂ ಪ್ರತಿ ಸಲ ಮಾಡೆಲ್‌ಗೆ ಹೋಗುತ್ತದೆ, ಟೋಕನ್ (ಮಾಡೆಲ್ ಓದುವ ಪದದ ತುಣುಕು) ಲೆಕ್ಕದ ಖರ್ಚು ನಿಮ್ಮದೇ. 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೋಪಿಕ್ ಎಂಸಿಪಿ (ಎಐಗೆ ಹೊರಗಿನ ಟೂಲ್ ಜೋಡಿಸುವ ಒಂದು ಸಾಮಾನ್ಯ ವಿಧಾನ) ತಂದ ಮೇಲೆ ಬೇರೆಯವರ ಟೂಲ್‌ಗಳನ್ನು ಸಿಕ್ಕಸಿಕ್ಕಂತೆ ಜೋಡಿಸುವುದು ಸುಲಭವಾಗಿದೆ. 'ಹುಡುಕು' ಅಂತಲೇ ಮೂರು ಟೂಲ್ ಇದ್ದರೆ ಅದು ಯಾವುದನ್ನು ಕರೆಯಬೇಕು?
ಇನ್ನೊಂದು. ವಿವರಣೆಯಲ್ಲಿ 'ಅಳಿಸಬೇಡ' ಅಂತ ಬರೆದರೆ ಅದು ಬೀಗ ಅಲ್ಲ. ದುಡ್ಡಿನ ಕೆಲಸಕ್ಕೆ ಮನುಷ್ಯರ ಒಪ್ಪಿಗೆ ಬೇಕು ಅನ್ನುವುದನ್ನು ಕೋಡ್‌ನಲ್ಲೇ ಇಡಿ.

ಕೇಳಿದವರು, ದಾವಣಗೆರೆ:
'ಪಟ್ಟಿ' ವಿಷಯ ಓದಿ ಹಣೆ ಚಚ್ಚಿಕೊಂಡೆ. ಟೂಲ್ ಹೆಸರು 'ರೈತರಿಗೆ_ಮಾರಾಟದ_ಬಿಲ್' ಮಾಡಿದೆ, ತೂಕವೂ ಬದಲಾಯಿತು. ಹಳೆಯ 25 ಪ್ರಶ್ನೆಗಳನ್ನು ಮತ್ತೆ ಹಾಕಿ ನೋಡಿದೆ. ಚೀಲದ ಮೂರಕ್ಕೂ ತೂಕ ಕೇಳಿತು. ಒಂದು ಮಾತ್ರ ಉಳಿದಿದೆ. ಸಾಹುಕಾರ್ರು 'ಮೊನ್ನೆದು ಹಾಕು' ಅಂತಷ್ಟೇ ಬರೆಯುತ್ತಾರೆ. ಅವರ ಮೊನ್ನೆ ಅಂದರೆ ಎರಡು ದಿನವೂ ಇರಬಹುದು, ಹೋದ ಯುಗಾದಿಯೂ ಇರಬಹುದು. ಇದಕ್ಕೇನು ಬರೆಯಲಿ?