ನೂರು ವರ್ಷದ ಸರ್ಕಾರಿ ಶಾಲೆ ದುರಸ್ತಿ: ಗುತ್ತಿಗೆ ಹೇಗೆ ಕೊಟ್ಟರೆ ಕಟ್ಟಡ ಉಳಿಯುತ್ತೆ?

ಹಳೇಪೇಟೆಯವ

ನಮಸ್ಕಾರ ಎಲ್ಲರಿಗೂ. ನಮ್ಮೂರ ಸರ್ಕಾರಿ ಶಾಲೆಗೆ ನೂರು ದಾಟಿದೆ. ಸುಣ್ಣದ ಗಾರೆಯ ಗೋಡೆ, ತೇಗದ ತೊಲೆ, ಅದರ ಮೇಲೆ ಇಟ್ಟಿಗೆ ಸುಣ್ಣದ ಮದ್ರಾಸ್ ತಾರಸಿ, ಮುಂದೆ ಕಲ್ಲುಕಂಬದ ಜಗಲಿ. ಎರಡು ಕೊಠಡಿ ಸೋರುತ್ತವೆ, ಒಂದು ಕಮಾನು ಬಿರುಕು ಬಿಟ್ಟಿದೆ. ಈ ಸಲ ದುರಸ್ತಿಗೆ ದುಡ್ಡು ಮಂಜೂರಾಗಿದೆ. ನಾನು ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇದ್ದೇನೆ. ಸಹಿ ಹಾಕುವ ಅಧಿಕಾರ ನಮಗಿಲ್ಲ, ಆದರೆ ನಮ್ಮ ಮಾತು ಕೇಳ್ತಾರೆ.

ಊರಲ್ಲಿ ಮೂರು ಥರ ಮಾತು ಓಡಾಡ್ತಿದೆ. ಕೆಲಸವನ್ನು ಐದು ಲಕ್ಷದೊಳಗಿನ ತುಂಡು ಮಾಡಿ ಕೋಟೇಷನ್ ಮೇಲೆ ನಮ್ಮೂರವರಿಗೇ ಕೊಡೋಣ ಅಂತ ಕೆಲವರು. 4ಜಿ ವಿನಾಯಿತಿ (ಟೆಂಡರ್ ಕಾಯ್ದೆಯ 4(ಜಿ) ಕಲಮಿನಡಿ ಟೆಂಡರ್ ಇಲ್ಲದೆ ಕೆಲಸ ಪಡೆಯುವ ಅನುಮತಿ) ಇರುವ ಸರ್ಕಾರಿ ಸಂಸ್ಥೆಗೆ ಒಪ್ಪಿಸಿ ಕೈತೊಳೆದುಕೊಳ್ಳೋಣ ಅಂತ ಇನ್ನು ಕೆಲವರು. ಟೆಂಡರ್ ಕರೆಯಲಿ ಅನ್ನೋರೂ ಇದ್ದಾರೆ. ಟೆಂಡರ್ ಕರೆದರೆ ಯಾರು ಕಡಿಮೆ ಹಾಕ್ತಾರೋ ಅವರಿಗೆ ಹೋಗುತ್ತೆ, ಅವರು ಸಿಮೆಂಟ್ ಬಳಿದು ಬಿಲ್ ತಗೊಂಡು ಹೋಗ್ತಾರೆ ಅನ್ನೋದು ನನ್ನ ಭಯ. ಗೊತ್ತಿರುವವರಿಗೆ ಕೊಟ್ಟರೆ ಅದು ಇನ್ನೊಂದು ರಾಮಾಯಣ. ನಿಯಮವೂ ಮುರೀಬಾರದು, ಕಟ್ಟಡವೂ ಉಳೀಬೇಕು. ಇಂಥ ಕೆಲಸ ಮಾಡಿಸಿದವರು, ಮಾಡಿದವರು ಯಾರಾದರೂ ಇದ್ದರೆ ಹೇಳಿ.

ನಿವೃತ್ತ ಎಇಇ

ಟೆಂಡರೇ ಕರೆಸಿ ಸ್ವಾಮಿ. ಐದು ಲಕ್ಷದೊಳಗಿನ ಕಾಮಗಾರಿಗೆ 1999ರ ಕೆಟಿಪಿಪಿ ಕಾಯ್ದೆಯಲ್ಲಿ (ನಮ್ಮ ರಾಜ್ಯದ ಟೆಂಡರ್ ಕಾಯ್ದೆ) ವಿನಾಯಿತಿ ಇರೋದು ನಿಜ, ಆದರೆ ಅದು ಸಣ್ಣ ಕೆಲಸ ಸಣ್ಣದಾಗಿಯೇ ಇದ್ದಾಗ. ಒಂದೇ ತಾರಸಿಯನ್ನು ನಾಲ್ಕು ಲಕ್ಷದ ತೊಂಬತ್ತು ಸಾವಿರದ ತುಂಡುಗಳಾಗಿ ಮಾಡಿದರೆ ಆಡಿಟ್‌ನವರ ಕಣ್ಣಿಗೆ ಮೊದಲು ಬೀಳೋದೇ ಅದು. ಆಡಿಟ್ ಬಿಡಿ. ಈ ಕೊಠಡಿ ಒಬ್ಬರದು, ಪಕ್ಕದ್ದು ಇನ್ನೊಬ್ಬರದು ಅಂತಾದರೆ, ನಡುಗೋಡೆಯಲ್ಲಿ ನೀರು ಇಳಿದಾಗ ಯಾರನ್ನು ಹಿಡೀತೀರಿ?

4ಜಿ ಸಂಸ್ಥೆಗೆ ಕೊಟ್ಟರೂ ಆ ಸಂಸ್ಥೆ ತಾನೇ ಕರಣೆ ಹಿಡಿಯೋಲ್ಲವಲ್ಲ. ಕೊನೆಗೆ ಯಾರೋ ಒಬ್ಬ ಮೇಸ್ತ್ರಿಯ ಕೈಗೇ ಬರಬೇಕು. ಅವನನ್ನು ಆರಿಸಿದ್ದು ಯಾರು, ಹೇಗೆ ಅನ್ನೋದು ಮಾತ್ರ ನಿಮಗೆ ಕಾಣಿಸಲ್ಲ.

ಇನ್ನು ಎಲ್‌1, ಅಂದ್ರೆ ಅತಿ ಕಡಿಮೆ ದರ ಹಾಕಿದವರಿಗೇ ಕೊಡೋ ವಿಚಾರ. ಎಲ್ಲರೂ ಅದನ್ನು ಬೈತಾರೆ. ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವನಾಗಿ ಹೇಳ್ತೀನಿ, ಹಳೇ ಕಟ್ಟಡ ಹಾಳಾಗೋದು ಟೆಂಡರ್ ತೆರೆಯುವ ದಿನ ಅಲ್ಲ, ಅಂದಾಜು ಪಟ್ಟಿ ಬರೆಯುವ ದಿನ. ಇಲಾಖೆಯ ದರಪಟ್ಟಿ, ಅಂದ್ರೆ ಎಸ್‌ಆರ್ ಪುಸ್ತಕದಲ್ಲಿ ಸಿಗುವ ಐಟಂ ಎತ್ತಿ ಹಾಕೋದು ಸುಲಭ: ಹಳೇ ಗಿಲಾವು ಕಿತ್ತು 1:6 ಸಿಮೆಂಟ್ ಗಿಲಾವು, ಮದ್ರಾಸ್ ತಾರಸಿ ತೆಗೆದು ಆರ್‌ಸಿಸಿ. ಪಟ್ಟಿಯಲ್ಲಿ ಹಾಗೆ ಬರೆದಿದ್ದರೆ ಎಷ್ಟೇ ಪ್ರಾಮಾಣಿಕ ಗುತ್ತಿಗೆದಾರ ಬಂದರೂ ಪ್ರಾಮಾಣಿಕವಾಗಿಯೇ ಸಿಮೆಂಟ್ ಬಳೀತಾನೆ. ಅವನ ತಪ್ಪೇನೂ ಇಲ್ಲ. ಸುಣ್ಣದ ಗಾರೆ ಬೇಕಂದ್ರೆ ಅದನ್ನೇ ಐಟಂ ಆಗಿ ಬರೆಸಿ, ಎಸ್‌ಆರ್‌ನಲ್ಲಿ ದರ ಇಲ್ಲದಿದ್ದರೆ ಸಾಮಗ್ರಿ, ಕೂಲಿ ಲೆಕ್ಕ ಹಾಕಿ ದರ ವಿಶ್ಲೇಷಣೆ ಮಾಡಿಸಿ ಮೇಲಿನವರ ಒಪ್ಪಿಗೆ ತಗೋಬೇಕು. ಪಟ್ಟಿ ಬರೆಯುವ ಜೆಇಗೆ (ಕಿರಿಯ ಎಂಜಿನಿಯರ್) ಇದು ತಲೆನೋವು, ಅದಕ್ಕೇ ಯಾರೂ ಕೈ ಹಾಕಲ್ಲ. ನೀವು ಈಗ ಹೋಗಿ ಅಂದಾಜು ಪಟ್ಟಿಯ ಪ್ರತಿ ಕೇಳಿ. ಟೆಂಡರ್ ಬಂದ ಮೇಲೆ ಕೇಳಿದರೆ ಸುಮ್ನೆ ಗಲಾಟೆ ಅಷ್ಟೇ.

ಸುಣ್ಣದ ಗೂಡು (ಪಾರಂಪರಿಕ ಕಟ್ಟಡಗಳ ಕೆಲಸ ಮಾಡುವ ವಾಸ್ತುಶಿಲ್ಪಿ)

ಎಇಇ ಸಾರ್ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ಸಿಮೆಂಟ್ ಯಾಕೆ ಬೇಡ ಅಂದ್ರೆ, ಗಾರೆ ಗೋಡೆ ಒಳಗಿನ ತೇವವನ್ನು ಹೊರಗೆ ಬಿಡುತ್ತಾ ಇರುತ್ತೆ. ಮೇಲೆ ಸಿಮೆಂಟ್ ಬಳಿದರೆ ಆ ತೇವ ಒಳಗೇ ನಿಲ್ಲುತ್ತೆ, ಇಟ್ಟಿಗೆಯ ಉಪ್ಪು ಮೇಲೆದ್ದು ಗಿಲಾವು ಹೊಪ್ಪಳೆ ಹೊಪ್ಪಳೆಯಾಗಿ ಉದುರುತ್ತೆ, ಜೊತೆಗೆ ಇಟ್ಟಿಗೆಯೂ ಪುಡಿಯಾಗುತ್ತೆ.

ಇನ್ನೊಂದು, ದುರಸ್ತಿ ಅಂದ್ರೆ ಬರೀ ಅಂದ ಅಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಬಿದ್ದಿದ್ದು ದುರಸ್ತಿ ನಡೀತಿರುವಾಗಲೇ. ಆಮೇಲೆ ಉಳಿಸೋದಾ ಕೆಡವೋದಾ ಅಂತ ವರ್ಷಗಟ್ಟಲೆ ಜಗಳ. ನಿಮ್ಮದು ಮಕ್ಕಳು ಕೂರುವ ಜಾಗ. ಹಾಗಾಗಿ ಮೊದಲು ಕಟ್ಟಡದ ಪರೀಕ್ಷೆ ಬೇರೆಯಾಗಿಯೇ ಮಾಡಿಸಿ. ತೊಲೆಯ ತುದಿ ಗೋಡೆಯೊಳಗೆ ಕೊಳೆತಿದೆಯಾ, ಕಮಾನಿನ ಬಿರುಕು ಬೆಳೀತಾ ಇದೆಯಾ ಅನ್ನೋದು ಗೊತ್ತಿಲ್ಲದೆ ಟೆಂಡರ್ ಕರೆದರೆ, ಬಿಚ್ಚಿದಾಗೆಲ್ಲ ಒಂದೊಂದು 'ಹೆಚ್ಚುವರಿ ಐಟಂ' ಹುಟ್ಟುತ್ತೆ. ದುಡ್ಡು ಸೋರೋದು ಅಲ್ಲೇ. ಪರೀಕ್ಷೆ ಮಾಡಿ ಸಲಹೆ ಕೊಟ್ಟವರಿಗೆ ಕಾಮಗಾರಿಯಲ್ಲಿ ಪಾಲು ಇರಬಾರದು, ಇದನ್ನು ಮೊದಲೇ ಬರೆಸಿಕೊಳ್ಳಿ. ಹತ್ತಿರದಲ್ಲಿ ಪಾರಂಪರಿಕ ಕಟ್ಟಡ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಶಾಖೆ ಇದ್ದರೆ ಒಂದು ಸಲ ಮಾತಾಡಿ.

ತೇಗದ ಬಗ್ಗೆ ಯಾರೂ ಹೇಳಲಿಲ್ಲ! ಅಂದಾಜಿಗಿಂತ ತೀರಾ ಕಡಿಮೆ ದರ ಹಾಕುವವರ ಲೆಕ್ಕದಲ್ಲಿ ಎಷ್ಟೋ ಸಲ ಹಳೇ ತೊಲೆಗಳೇ ಇರುತ್ತವೆ. 'ಕೊಳೆತಿದೆ' ಅಂತ ಇಳಿಸಿದ ತೊಲೆ ರಾತ್ರಿ ಟ್ರ್ಯಾಕ್ಟರ್ ಹತ್ತುತ್ತೆ, ಜಾಗದಲ್ಲಿ ಯಾವುದೋ ಕಾಡುಮರ ಬರುತ್ತೆ. ಟೆಂಡರ್‌ಗೆ ಮೊದಲೇ ಪ್ರತಿ ತೊಲೆಗೂ ಬಣ್ಣದಲ್ಲಿ ನಂಬರ್ ಹಾಕಿ, ಉದ್ದ ಅಗಲ ಅಳೆದು, ಫೋಟೋ ಹೊಡೆದು ಪಟ್ಟಿ ಮಾಡಿಸಿ. ಆ ಪಟ್ಟಿ ಟೆಂಡರ್ ದಾಖಲೆಯಲ್ಲೇ ಇರಲಿ, ಇಳಿಸಿದ ಮರವೆಲ್ಲ ಶಾಲೆಯ ಸೊತ್ತು ಅಂತ ಷರತ್ತೂ ಇರಲಿ. ಅರ್ಹತೆಗೆ, ಕಳೆದ ಮೂರು ವರ್ಷದಲ್ಲಿ ಒಂದು ಕೋಟಿಯ ಪಾರಂಪರಿಕ ಕಟ್ಟಡದ ಕೆಲಸ ಮಾಡಿರಬೇಕು ಅಂತ ಹಾಕಿಸಿದರೆ ಕಂಡಕಂಡವರು ಬರಲ್ಲ.

ಕ್ಲಾಸ್ ಟೂ ಕಂಟ್ರಾಕ್ಟರ್

ಮೇಡಂ, ತೇಗದ ಮಾತು ಸರಿ. ಕೊನೆಯ ಮಾತು ಮಾತ್ರ ಒಪ್ಪಲ್ಲ. ಒಂದು ಕೋಟಿ ಅಂತ ಹಾಕಿದರೆ ನಮ್ಮಂಥ ತಾಲೂಕಿನವರು ಅರ್ಜಿನೇ ಹಾಕೋಕಾಗಲ್ಲ. ಬರೋದು ಬೆಂಗಳೂರಿನ ಒಂದೆರಡು ಕಂಪನಿ. ಅವರು ಗೆದ್ದು ಇಲ್ಲಿಗೆ ಬಂದು ಇಲ್ಲಿಯ ಮೇಸ್ತ್ರಿಗೇ ಅರ್ಧ ದರಕ್ಕೆ ಉಪಗುತ್ತಿಗೆ ಕೊಡ್ತಾರೆ. ಷರತ್ತನ್ನು ಒಬ್ಬರ ಅಳತೆಗೆ ಹೊಲಿಯೋದೂ ಭ್ರಷ್ಟಾಚಾರವೇ ಅಲ್ವಾ? ಒಳ್ಳೇ ಉದ್ದೇಶದಿಂದ ಹೊಲಿದರೂ ಅಷ್ಟೇ.

ಅದರ ಬದಲು ಕೈ ನೋಡಿ. ಗಾರೆ ಕೆಲಸ ಬಲ್ಲ ಮೇಸ್ತ್ರಿ ಯಾರು, ಎಲ್ಲೆಲ್ಲಿ ಮಾಡಿದ್ದಾನೆ ಅಂತ ದರದ ಕವರ್‌ಗಿಂತ ಮೊದಲು ತೆರೆಯುವ ಟೆಕ್ನಿಕಲ್ ಕವರ್‌ನಲ್ಲಿ ಕೇಳಿ, ಹೋಗಿ ನೋಡಿ ಬನ್ನಿ. ಕಾರ್ಯಾದೇಶ ಕೊಟ್ಟ ಮೇಲೆ ಮೊದಲು ಹಿಂಬದಿಯ ಒಂದು ಗೋಡೆ ಮಾದರಿಯಾಗಿ ಮಾಡಿ ತೋರಿಸಬೇಕು, ಒಪ್ಪಿಗೆಯಾದರೆ ಮಾತ್ರ ಮುಂದಿನ ಕೆಲಸ ಅಂತ ಷರತ್ತು ಹಾಕಿ. ಸುಣ್ಣ ಸುಟ್ಟು ತಂದು ಗುಂಡಿಯಲ್ಲಿ ನೀರು ಹಾಕಿ ವಾರಗಟ್ಟಲೆ ಕೊಳೆಸಬೇಕು, ಮರಳು, ಸುರ್ಕಿ (ಇಟ್ಟಿಗೆ ಪುಡಿ) ಸೇರಿಸಿ ಅರೆಯಬೇಕು. ತಾರಸಿಗೆ ಇಟ್ಟಿಗೆ ಜಲ್ಲಿ ಸುಣ್ಣ ಹಾಸಿ, ಬೆಲ್ಲ ಅಳಲೆಕಾಯಿ ನೀರು ಚಿಮುಕಿಸ್ತಾ ಮರದ ಹಲಗೆಯಲ್ಲಿ ದಿನಗಟ್ಟಲೆ ಬಡೀಬೇಕು. ಹೆಂಗಸರು ಸಾಲಾಗಿ ಕೂತು ಬಡಿಯೋದು ನಮ್ಮ ತಂದೆ ಕಾಲದಲ್ಲಿ ನಾನೇ ನೋಡಿದ್ದೇನೆ. ಇದಕ್ಕೆ ಕೂಲಿ ಜಾಸ್ತಿ, ಟೈಮ್ ಜಾಸ್ತಿ. ಮಾರ್ಚ್ ಮೂವತ್ತೊಂದರೊಳಗೆ ಮುಗಿಸಿ ಅಂತ ಜನವರಿಯಲ್ಲಿ ಆದೇಶ ಕೊಟ್ಟರೆ ಯಾವ ಸತ್ಯಹರಿಶ್ಚಂದ್ರನಾದರೂ ಸಿಮೆಂಟ್ ಮೂಟೆಯನ್ನೇ ಬಿಚ್ಚೋದು.

ಮತ್ತೆ ಬಿಲ್. ನೀತಿ ಅಂತ ಮಾತಾಡುವವರೆಲ್ಲ ನಮ್ಮ ಕಡೆಗೇ ಬೆರಳು ತೋರಿಸ್ತಾರೆ. ನನಗೆ ಒಂದು ಶಾಲೆಯ ಕೆಲಸದ ಕೊನೆಯ ಬಿಲ್ ಎರಡು ವರ್ಷವಾದರೂ ಬಂದಿಲ್ಲ. ಇಂಥ ಕಡೆ ಯಾರು ಟೆಂಡರ್ ಹಾಕ್ತಾರೆ ಹೇಳಿ? ಬಡ್ಡಿ ತಡೆಯುವಷ್ಟು ದುಡ್ಡಿರೋರು, ಇಲ್ಲ ಕೆಲಸದಲ್ಲೇ ಉಳಿಸಿಕೊಳ್ಳೋರು. ಹಣ ಕೈಯಲ್ಲಿದ್ದಾಗ ಮಾತ್ರ ಟೆಂಡರ್ ಕರೆಯಿರಿ.

ಸುಣ್ಣದ ಗೂಡು

ಒಂದು ಕೋಟಿಯ ಮಾತು ವಾಪಸ್. ಮಾದರಿ ಗೋಡೆಯ ಷರತ್ತು ಇದ್ದರೆ ಅದು ಬೇಕಾಗಲ್ಲ. ಆದರೆ ಕೂಲಿಯವರ ವಿಮೆ, ಸಾರುವೆ, ಸುಣ್ಣ ಕೊಳೆಸುವಾಗ ಕೈಗವಸು ಕನ್ನಡಕ, ಇವನ್ನೂ ಟೆಂಡರ್‌ನಲ್ಲಿ ಐಟಂ ಆಗಿ ಬರೆಸಿ. ಬಿಲ್‌ನಲ್ಲಿ ಒಂದು ಪರ್ಸೆಂಟ್ ಕಾರ್ಮಿಕ ಸೆಸ್ ಹೇಗೂ ಕಡಿತಾರೆ. ಆದರೆ ತಾರಸಿ ಬಡಿಯೋ ಹೆಂಗಸರಲ್ಲಿ ಆ ಸೆಸ್ ಹಣದ ಸೌಲಭ್ಯ ಪಡೆಯೋಕೆ ಬೇಕಾದ ಕಾರ್ಮಿಕ ಕಾರ್ಡ್ ಇರೋರು ಎಷ್ಟು ಜನ ಅಂತ ಒಮ್ಮೆ ಕೇಳಿ ನೋಡಿ.

ಬಸ್‌ಸ್ಟ್ಯಾಂಡ್ ಬೆಂಚು

ಎಲ್ಲ ಸರಿ ಗುರುಗಳೇ, ಪರ್ಸೆಂಟೇಜ್ ಬಗ್ಗೆ ಯಾರೂ ಉಸಿರೆತ್ತಲ್ಲವಲ್ಲ? 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘವೇ ಪ್ರಧಾನಿಗೆ ಪತ್ರ ಬರೆದು 40 ಪರ್ಸೆಂಟ್ ಕಮಿಷನ್ ಕೇಳ್ತಾರೆ ಅಂತ ಆರೋಪ ಮಾಡಿತ್ತು. ಅಷ್ಟು ಕೊಟ್ಟ ಮೇಲೆ ಸುಣ್ಣಕ್ಕೆ ಏನು ಉಳಿಯುತ್ತೆ?

ನಿವೃತ್ತ ಎಇಇ

ಅದನ್ನು ನಿಲ್ಲಿಸೋ ಶಕ್ತಿ ಎಸ್‌ಡಿಎಂಸಿಗೆ ಇಲ್ಲಪ್ಪ. ಆದರೆ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಡೋದೂ ಅಪರಾಧ, ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು. ಇದು ನಮ್ಮ ಎಷ್ಟೋ ಗುತ್ತಿಗೆದಾರರಿಗೆ ಗೊತ್ತೇ ಇಲ್ಲ.

ಊರಿನವರ ಕೈಯಲ್ಲಿರೋದು ಕಣ್ಣು. ಆರ್‌ಟಿಐ ಅಂದ್ರೆ ಬರೀ ಕಾಗದದ ಜೆರಾಕ್ಸ್ ಅಂದುಕೊಂಡಿದ್ದಾರೆ ಜನ. ಕೆಲಸದ ಜಾಗ ಪರಿಶೀಲನೆ ಮಾಡೋದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ತಗೊಳ್ಳೋದು ಎರಡೂ ಆ ಕಾಯ್ದೆಯಲ್ಲೇ ಇವೆ. ಹತ್ತು ರೂಪಾಯಿ ಶುಲ್ಕ, ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಆದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕದ ಪ್ರತಿಗೆ ಒಂದು ಅರ್ಜಿ, ಗಾರೆಯ ಮಾದರಿಗೆ ಇನ್ನೊಂದು. ಕೆಲಸ ನಡೀತಿರುವಾಗಲೇ ಹಾಕಿ. ಬಣ್ಣ ಹೊಡೆದ ಮೇಲೆ ಗಿಲಾವು ಕೆದರಿ ಅಂದ್ರೆ ಯಾರೂ ಬಿಡಲ್ಲ.

ಹಳೇಪೇಟೆಯವ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಅಂದಾಜು ಪಟ್ಟಿ ನೋಡಿ ಬಂದೆ. ಎಇಇ ಸಾರ್ ಹೇಳಿದ ಹಾಗೇ ಇದೆ, 1:6 ಸಿಮೆಂಟ್ ಗಿಲಾವು, ತಾರಸಿಗೆ ಆರ್‌ಸಿಸಿ. ಜೆಇ ಹುಡುಗ ಒಳ್ಳೆಯವನು, 'ಸಾರ್ ಸುಣ್ಣದ ದರ ನನಗೆ ಎಲ್ಲೂ ಸಿಗಲಿಲ್ಲ, ಕೊಟ್ಟರೆ ಬದಲಾಯಿಸ್ತೀನಿ' ಅಂದ. ಎಲ್ಲಾದರೂ ಮಂಜೂರಾದ ದರ ವಿಶ್ಲೇಷಣೆ ಯಾರ ಹತ್ತಿರವಾದರೂ ಇದ್ದರೆ ಇಲ್ಲೇ ಹಾಕಿ. ತೊಲೆಗಳಿಗೆ ನಂಬರ್ ಹಾಕೋ ಕೆಲಸ ಭಾನುವಾರ ನಾವೇ ಶುರು ಮಾಡ್ತೀವಿ.

ಇನ್ನೊಂದು ವಿಷಯ. ತಾರಸಿ ಬಡಿಯುವ ತಂಡ ಗೊತ್ತು, ನಂಬರ್ ಕಳಿಸ್ಲಾ ಅಂತ ಇಬ್ಬರು ಖಾಸಗಿಯಾಗಿ ಕೇಳಿದ್ದಾರೆ. ನನಗೆ ಕಳಿಸಬೇಡಿ, ನಾನು ಸಮಿತಿಯಲ್ಲಿದ್ದೇನೆ. ಟೆಂಡರ್ ಪ್ರಕಟಣೆ ಬಂದ ದಿನ ಲಿಂಕ್ ಇಲ್ಲಿ ಹಾಕ್ತೀನಿ, ಅವರಿಗೆ ಅದನ್ನು ಕಳಿಸಿ.