ಹಳೆಯ ಗ್ಯಾಲಾಕ್ಟಿಕಾ, ಹೊಸ ಗ್ಯಾಲಾಕ್ಟಿಕಾ: ಎರಡನ್ನೂ ನೋಡಿದವರ ಅನುಭವ

ಪ್ರಶ್ನೆ

1978ರ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಅನ್ನೋ ಬಾಹ್ಯಾಕಾಶ ಯುದ್ಧದ ಟೀವಿ ಸೀರೀಸನ್ನು ಮಗಳ ಜೊತೆ ಈಗಷ್ಟೇ ನೋಡಿ ಮುಗಿಸಿದೆ. ಅವಳು ಒಂಬತ್ತನೇ ಕ್ಲಾಸು. ಇಬ್ಬರಿಗೂ ತುಂಬಾ ಹಿಡಿಸಿತು. 2003ರಲ್ಲಿ ಶುರುವಾದ ರೀಮೇಕ್ ಇದಕ್ಕಿಂತ ಎಷ್ಟೋ ಮೇಲು ಅಂತ ಕೇಳಿದವರೆಲ್ಲ ಹೇಳ್ತಾರೆ, ಜೊತೆಗೇ ‘ಆದರೆ ತುಂಬಾ ಡಾರ್ಕ್’ ಅಂತಲೂ ಸೇರಿಸ್ತಾರೆ. ಡಾರ್ಕ್ ಮಾಡಿದ್ದರಿಂದಲೇ ಅದು ಚೆನ್ನಾಗಾಯ್ತಾ? ಅಥವಾ ಬರೀ ರಕ್ತ, ಕಣ್ಣೀರು ಜಾಸ್ತಿ ಆಯ್ತಾ? ಎರಡನ್ನೂ ನೋಡಿದವರು ದಯವಿಟ್ಟು ಹೇಳಿ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಬಹುದಾ, ಎಲ್ಲಿಂದ ಶುರು ಮಾಡಬೇಕು ಅನ್ನೋದೂ ಬೇಕು. ಕತೆ ಮೊದಲೇ ಗೊತ್ತಾದರೆ ನನಗೇನೂ ಬೇಜಾರಿಲ್ಲ.

ಬೆಂಗಳೂರಿನಿಂದ

ಎರಡೂ ನನಗೆ ಬಹಳ ಇಷ್ಟ. ಹೊಸದು ಖಂಡಿತ ಮೇಲು. ಆದರೆ ಅದರಲ್ಲಿರುವ ಕತ್ತಲೆ ಹೊರಗಿನಿಂದ ತಂದು ಸುರಿದದ್ದಲ್ಲ, ಹಳೆಯದರಲ್ಲೇ ಇತ್ತು. ಹಳೆಯದು ಅದನ್ನು ಮರೆತುಬಿಟ್ಟಿತು, ಹೊಸದು ಮರೆಯಲಿಲ್ಲ. ವ್ಯತ್ಯಾಸ ಇರುವುದು ಅಲ್ಲೇ ಅಂತ ನನ್ನ ನಂಬಿಕೆ.

ನೀವು ನೋಡಿದ ಮೊದಲ ಕತೆಯನ್ನೇ ತೆಗೆದುಕೊಳ್ಳಿ. ಶಾಂತಿ ಒಪ್ಪಂದದ ಹೊತ್ತಿಗೇ ಮನುಷ್ಯರ ವೈರಿಗಳಾದ ಯಂತ್ರಮಾನವ ಸೈಲಾನ್‌ಗಳು ಮೋಸದಿಂದ ಎರಗುತ್ತವೆ. ಹನ್ನೆರಡು ಲೋಕಗಳು ಸುಟ್ಟುಹೋಗುತ್ತವೆ. ಗ್ಯಾಲಾಕ್ಟಿಕಾ ಅನ್ನೋ ಯುದ್ಧನೌಕೆಯ ಕಮಾಂಡರ್ ಅಡಾಮಾ ಹೆಂಡತಿಯನ್ನೂ ಕಿರಿಮಗನನ್ನೂ ಕಳೆದುಕೊಳ್ಳುತ್ತಾನೆ. ಬದುಕುಳಿದವರು ಸಿಕ್ಕ ಹಡಗು ಹತ್ತಿ ಓಡುತ್ತಾರೆ. ಆದರೆ ಆ ಕತೆ ಮುಗಿಯುವುದರೊಳಗೇ ಅವರೆಲ್ಲ ಕ್ಯಾರಿಲಾನ್ ಅನ್ನೋ ಗ್ರಹದ ಕ್ಯಾಸಿನೋದಲ್ಲಿ ಜೂಜಾಡಿಕೊಂಡು, ಹಾಡು ಕೇಳಿಕೊಂಡು ಕೂತಿರುತ್ತಾರೆ. ಅದು ಸೈಲಾನ್‌ಗಳ ಬಲೆ ಅಂತ ಆಮೇಲೆ ಗೊತ್ತಾಗುತ್ತದೆ, ಸರಿ. ಆದರೂ ಒಂದು ಕುಲಕ್ಕೆ ಕುಲವೇ ನಾಶವಾದ ನೋವು ಯಾರ ಮುಖದಲ್ಲೂ ಕಾಣುವುದಿಲ್ಲ. ಸೂತಕದ ಮನೆಯಲ್ಲಿ ಮದುವೆ ಊಟ ಬಡಿಸಿದ ಹಾಗೆ ಅನ್ನಿಸುತ್ತದೆ.

ರೀಮೇಕ್ ಮಾಡಿದ ರೊನಾಲ್ಡ್ ಡಿ. ಮೂರ್ ಅದಕ್ಕೂ ಮೊದಲು ‘ಸ್ಟಾರ್ ಟ್ರೆಕ್’ ಸೀರೀಸ್‌ಗಳಿಗೆ ಬರೆಯುತ್ತಿದ್ದವರು. 2001ರ ಸೆಪ್ಟೆಂಬರ್ 11ರ ದಾಳಿ ನಡೆದ ಕೆಲವೇ ತಿಂಗಳಲ್ಲಿ ಅವರು ಈ ಹಳೆಯ ಪೈಲಟ್ಟನ್ನು, ಅಂದರೆ ಮೊದಲ ಕಂತನ್ನು, ಮತ್ತೆ ನೋಡಿದರು. ದಾಳಿಯ ಮರುದಿನ ಜನ ಹೇಗಿರುತ್ತಾರೆ ಅನ್ನೋದು ಆಗ ಅಮೆರಿಕದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಹೊಸ ಸೀರೀಸ್ ಹುಟ್ಟಿದ್ದು ಆ ಮರುದಿನದಲ್ಲಿ.

ಹೊಸದರ ಆರಂಭದ ಮಿನಿ ಸೀರೀಸ್ ಆದ ಮೇಲೆ ಬರುವ ಮೊದಲ ಕಂತಿನ ಹೆಸರೇ ‘33’. ಪ್ರತಿ 33 ನಿಮಿಷಕ್ಕೊಮ್ಮೆ ಸೈಲಾನ್‌ಗಳು ಬಂದೇ ಬರುತ್ತವೆ, ಇಡೀ ಹಡಗಿನ ಹಿಂಡು ಒಮ್ಮೆಗೇ ದೂರದ ಜಾಗಕ್ಕೆ ಜಿಗಿದು ತಪ್ಪಿಸಿಕೊಳ್ಳಬೇಕು. ಐದು ದಿನ ದಾಟಿದೆ, ಯಾರೂ ಮಲಗಿಲ್ಲ. ಗಡ್ಡ ಬೆಳೆದಿದೆ, ಮಾತು ತೊದಲುತ್ತಿದೆ, ಪೈಲಟ್‌ಗಳು ಮಾತ್ರೆ ನುಂಗಿ ಎಚ್ಚರ ಇದ್ದಾರೆ. ಒಂದು ಜಿಗಿತದಲ್ಲಿ ‘ಒಲಿಂಪಿಕ್ ಕ್ಯಾರಿಯರ್’ ಅನ್ನೋ ಪ್ರಯಾಣಿಕರ ಹಡಗು ಹಿಂದೆ ಉಳಿಯುತ್ತದೆ. ಅದರಲ್ಲಿ 1,345 ಜನ. ಅದಿಲ್ಲದ ಸಲ 33 ನಿಮಿಷವಾದರೂ ಸೈಲಾನ್‌ಗಳು ಬರುವುದಿಲ್ಲ! ಆಮೇಲೆ ಆ ಹಡಗು ವಾಪಸ್ ಬರುತ್ತದೆ, ಅದರ ಬೆನ್ನಿಗೇ ಶತ್ರುವೂ. ಅದರೊಳಗೆ ಅಣುಬಾಂಬ್ ಇರುವ ಸೂಚನೆ ಸಿಗುತ್ತದೆ, ಹಡಗು ಗ್ಯಾಲಾಕ್ಟಿಕಾದ ಕಡೆಗೇ ನುಗ್ಗುತ್ತದೆ. ಅದನ್ನು ಹೊಡೆದುರುಳಿಸುವ ಆಜ್ಞೆ ಪೈಲಟ್‌ಗಳಾದ ಅಪೊಲೊಗೂ ಸ್ಟಾರ್‌ಬಕ್‌ಗೂ ಬರುತ್ತದೆ. ಅಪೊಲೊ ಕಿಟಕಿಗಳ ಹತ್ತಿರದಲ್ಲೇ ಹಾರಿ ಇಣುಕುತ್ತಾನೆ. ಒಳಗೆ ಜನ ಇದ್ದಾರೋ ಇಲ್ಲವೋ ಅನ್ನೋದು ಅವನಿಗೂ ಖಚಿತವಾಗುವುದಿಲ್ಲ, ನಮಗೂ ಆಗುವುದಿಲ್ಲ. ಹೊಡೆಯುತ್ತಾನೆ.

ಅಧ್ಯಕ್ಷೆ ಲಾರಾ ರಾಸ್ಲಿನ್ ಬದುಕುಳಿದವರ ಸಂಖ್ಯೆಯನ್ನು ಒಂದು ಬಿಳಿ ಬೋರ್ಡಿನ ಮೇಲೆ ಬರೆದಿಟ್ಟಿದ್ದಾಳೆ. ಆ ಕಂತಿನುದ್ದಕ್ಕೂ ಅದು ಇಳಿಯುತ್ತಲೇ ಹೋಗುತ್ತದೆ. ಕಡೆಗೆ ಯಾವುದೋ ಹಡಗಿನಲ್ಲಿ ಒಂದು ಗಂಡುಮಗು ಹುಟ್ಟಿದ ಸುದ್ದಿ ಬರುತ್ತದೆ. ಆಕೆ ಎದ್ದು ಹೋಗಿ ಕೊನೆಯ ಅಂಕಿ ಅಳಿಸಿ ಒಂದು ಕೂಡಿಸುತ್ತಾಳೆ: 47,973. ಆ ಒಂದರ ಬೆಲೆ ನಮಗೆ ತಿಳಿಯುವುದು ಅದಕ್ಕೆ ಮೊದಲು ಸಂಖ್ಯೆ ಇಳಿದದ್ದನ್ನು ನೋಡಿದ್ದರಿಂದ. ಈ ಕಂತಿಗೆ 2005ರಲ್ಲಿ ವಿಜ್ಞಾನ ಕಾಲ್ಪನಿಕ ಕತೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು, ನ್ಯಾಯವಾಗಿಯೇ ಬಂತು.

ಇನ್ನೊಂದು ವಿಷಯ ನಿಮ್ಮ ಮಗಳಿಗೆ ಖಂಡಿತ ಇಷ್ಟವಾಗುತ್ತದೆ. ಹೊಸ ಗ್ಯಾಲಾಕ್ಟಿಕಾ ಒಂದು ಮುದಿ ಹಡಗು, ಮ್ಯೂಸಿಯಂ ಆಗಲು ಸಿದ್ಧವಾಗಿ ನಿಂತದ್ದು. ಫೋನುಗಳಿಗೆ ವೈರು, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಲು ಅಡಾಮಾ ಬಿಟ್ಟಿಲ್ಲ. ಹೊಸ ಹಡಗುಗಳೆಲ್ಲ ನೆಟ್‌ವರ್ಕ್ ಮೂಲಕವೇ ಸೈಲಾನ್‌ಗಳ ವಶವಾಗಿ ನಿಂತಲ್ಲೇ ಸಾಯುತ್ತವೆ, ಈ ಹಳೇದು ಉಳಿಯುತ್ತದೆ. ಕ್ಯಾಮೆರಾವನ್ನೂ ಕೈಯಲ್ಲಿ ಹಿಡಿದು, ಯುದ್ಧದ ವರದಿ ಮಾಡುವವರ ಹಾಗೆ ಓಡಾಡಿಸಿದ್ದಾರೆ. ಹಾಗಾಗಿ ಏನಾದರೂ ಕೆಟ್ಟದ್ದು ನಡೆದರೆ ಅದು ನಮ್ಮ ಕಣ್ಣೆದುರಿಗೇ ನಡೆದಂತೆ ತಟ್ಟುತ್ತದೆ.

ಧಾರವಾಡದಿಂದ

ಡಾರ್ಕ್ ಮಾಡಿದ್ರ ಸಾಕು, ಚಲೋ ಆಗ್ತದ ಅನ್ನೋದು ಸುಳ್ಳು. ಇದಕ್ಕ ಪುರಾವೆ ಅದೇ ಮಂದಿ ಕಡೆನ ಅದ. ಗ್ಯಾಲಾಕ್ಟಿಕಾದ ಇನ್ನೊಬ್ಬ ನಿರ್ಮಾಪಕ ಡೇವಿಡ್ ಐಕ್ 2007ರಾಗ ‘ಬಯೋನಿಕ್ ವುಮನ್’ ರೀಮೇಕ್ ಮಾಡಿದ್ರು. 1976ರ ಮೂಲದಾಗ ಲಿಂಡ್ಸೆ ವ್ಯಾಗ್ನರ್ ಇದ್ಲು, ನಗುಮುಖ, ಮನಸಿಗೆ ಹತ್ತಿರದ ಕತಿ. ರೀಮೇಕಿನಾಗ ಮಳಿ, ರಾತ್ರಿ, ಸಿಟ್ಟು, ಮತ್ತ ಗ್ಯಾಲಾಕ್ಟಿಕಾದ ಸ್ಟಾರ್‌ಬಕ್ ಕೇಟಿ ಸ್ಯಾಕಾಫ್ ಕೂಡ ಖಳನಾಯಕಿಯಾಗಿ ಇದ್ಲು. ಎಂಟ ಕಂತಿಗೆ ಮುಗೀತು. ಬರಹಗಾರರ ಮುಷ್ಕರ ಅಡ್ಡ ಬಂದದ್ದು ಖರೆ. ಆದ್ರ ಆ ಕತಿಯೊಳಗ ಕತ್ತಲಿಗೆ ಬೇರು ಇರಲಿಲ್ಲ, ಬರೇ ಬಣ್ಣ ಬದಲಾಗಿತ್ತು. ಗ್ಯಾಲಾಕ್ಟಿಕಾದಾಗ ಬೇರು ಇತ್ತು. ಬೆಂಗಳೂರಿನವರ ಮಾತು ಅದಕ್ಕ ಒಪ್ತೀನಿ.

ಮಂಗಳೂರಿನಿಂದ

ಡಾರ್ಕ್ ಮಾಡಿದ್ದರಿಂದ ಏನು ಬದಲಾಯಿತು ಅಂತ ತಿಳಿಯಲು ಎರಡರಲ್ಲೂ ಬರುವ ಒಂದೇ ಕತೆಯನ್ನು ಅಕ್ಕಪಕ್ಕ ಇಟ್ಟು ನೋಡಿ: ಪೆಗಾಸಸ್ ಹಡಗಿನ ಕೇನ್. ಹಳೆಯದರಲ್ಲಿ ಲಾಯ್ಡ್ ಬ್ರಿಜಸ್ ಮಾಡಿದ ಕಮಾಂಡರ್ ಕೇನ್ ಎಂಥ ಚೆಲುವ ಹುಂಬ ಅಂತ ನಿಮಗೆ ನೆನಪಿರುತ್ತದೆ. ಅಡಾಮಾನ ಮಾತು ಕೇಳುವುದಿಲ್ಲ, ಆದರೂ ವೀರ. ಹೊಸದರಲ್ಲಿ ಅಡ್ಮಿರಲ್ ಕೇನ್ ಹೆಂಗಸು, ಮಿಶೆಲ್ ಫೋರ್ಬ್ಸ್ ಮಾಡಿದ್ದು. ಸತ್ತೇಹೋದರು ಅಂದುಕೊಂಡಿದ್ದ ಸಾವಿರಾರು ಜನ ಸಿಕ್ಕ ಖುಷಿಯಲ್ಲಿ ಎಲ್ಲರೂ ತಬ್ಬಿಕೊಂಡು ಅಳುತ್ತಾರೆ. ಆಮೇಲೆ ಪೆಗಾಸಸ್‌ನ ಎರಡನೇ ಅಧಿಕಾರಿ ಕುಡಿಯುತ್ತಾ ಕೂತು ಒಂದು ಕತೆ ಹೇಳುತ್ತಾನೆ: ಆಜ್ಞೆ ಪಾಲಿಸದ ತನ್ನ ಹಿಂದಿನ ಸಹಾಯಕನ ತಲೆಗೆ ಕೇನ್ ಎಲ್ಲರೆದುರೇ ಗುಂಡು ಹೊಡೆದಳು ಅಂತ. ಹೇಳಿ, ತಮಾಷೆಗೆ ಅಂದೆ ಅಂತ ನಗುತ್ತಾನೆ. ಅದು ತಮಾಷೆಯಲ್ಲ. ದಾರಿಯಲ್ಲಿ ಸಿಕ್ಕ ನಾಗರಿಕ ಹಡಗುಗಳಿಂದ ಬೇಕಾದ ಯಂತ್ರ, ಬೇಕಾದ ಜನರನ್ನು ಕಿತ್ತುಕೊಂಡು ಉಳಿದವರನ್ನು ಬಾಹ್ಯಾಕಾಶದಲ್ಲೇ ಬಿಟ್ಟು ಬಂದಿದ್ದಾರೆ.

ಅಡಾಮಾನ ಕೈಯಲ್ಲೂ ಅಂಥದೇ ಹಡಗು, ಅವನಿಗೂ ಅದೇ ಶತ್ರು, ಅದೇ ಭಯ. ಅವನು ಯಾಕೆ ಹಾಗಾಗಲಿಲ್ಲ? ಆರಂಭದಲ್ಲೇ ರಾಸ್ಲಿನ್ ಎದುರು ನಿಂತು, ಯುದ್ಧ ಸೋತಾಗಿದೆ, ಈಗ ಜನರನ್ನು ಉಳಿಸಬೇಕು ಅಂದಿದ್ದಳಲ್ಲ, ಅದಕ್ಕೆ. ಕೇನ್‌ಗೆ ಹಾಗೆ ಹೇಳುವವರು ಯಾರೂ ಇರಲಿಲ್ಲ. ಇದನ್ನು ಹಳೆಯದು ತೋರಿಸಲು ಸಾಧ್ಯವೇ ಇರಲಿಲ್ಲ.

ಆದರೆ ಇದೇ ಕಂತುಗಳ ಬಗ್ಗೆ ತಂದೆಯಾಗಿ ನಿಮಗೆ ಎಚ್ಚರಿಕೆ ಹೇಳಲೇಬೇಕು. ಎರಡನೇ ಸೀಸನ್ನಿನ ‘ಪೆಗಾಸಸ್’ ಕಂತಿನಲ್ಲಿ ಮನುಷ್ಯರ ಹಾಗೇ ಕಾಣುವ ಸೈಲಾನ್ ಹೆಣ್ಣು ಕೈದಿಗಳ ಮೇಲೆ ಲೈಂಗಿಕ ಹಿಂಸೆ ಇದೆ. ಮನುಷ್ಯರು ‘ಅದು ಯಂತ್ರ ತಾನೇ’ ಅಂದುಕೊಂಡು ಎಷ್ಟು ಕೆಳಗಿಳಿಯುತ್ತಾರೆ ಅನ್ನೋದು ಅಲ್ಲಿಯ ವಿಷಯ, ಅದು ಗಂಭೀರವಾದ ವಿಷಯವೇ. ಆದರೆ ಆಮೇಲಿನ ಜಗಳವೆಲ್ಲ ಗಂಡಸರ ನಡುವೆ, ಗಂಡಸರ ಶಿಕ್ಷೆಯ ಬಗ್ಗೆ ನಡೆಯುತ್ತದೆ. ಆ ಹೆಂಗಸರ ಪಾಲಿನ ಕತೆಗೆ ಸಿಕ್ಕ ಜಾಗ ಕಡಿಮೆ. ಇದು ನನಗೆ ಆಗಲೂ ಸಿಟ್ಟು ತರಿಸಿತ್ತು, ಈಗಲೂ ತರಿಸುತ್ತದೆ. ಆ ಕಂತನ್ನು ನೀವೊಬ್ಬರೇ ಮೊದಲು ನೋಡಿ, ಆಮೇಲೆ ನಿರ್ಧರಿಸಿ.

ಶಿವಮೊಗ್ಗದಿಂದ

ಎಲ್ಲರೂ ಹಳೆಯದನ್ನು ಕ್ಯಾಸಿನೋದಲ್ಲೇ ಬಿಟ್ಟು ಹೋಗ್ತಿದ್ದೀರಿ. ಅದರ ಪರವಾಗಿ ಒಬ್ಬರಾದರೂ ಮಾತಾಡಬೇಕು.

ಲಾರ್ನ್ ಗ್ರೀನ್ ಮಾಡಿದ ಅಡಾಮಾ ಮನೆಯ ಯಜಮಾನನ ಹಾಗೆ ಎಲ್ಲರನ್ನೂ ತನ್ನ ನೆರಳಲ್ಲಿ ಇಟ್ಟುಕೊಳ್ತಾನೆ. ತಾಯಿ ಸತ್ತ ಹುಡುಗ ಬಾಕ್ಸಿಯನ್ನು ಅಪೊಲೊ ತನ್ನ ಮಗನಾಗಿ ಸಾಕ್ತಾನೆ. ಹುಡುಗನ ನಾಯಿ ಸತ್ತದ್ದಕ್ಕೆ ಯಂತ್ರದ ನಾಯಿ ಮಾಡಿಕೊಡ್ತಾರೆ, ಅದರ ವೇಷದೊಳಗೆ ಇದ್ದದ್ದು ಒಂದು ಚಿಂಪಾಂಜಿ! ಮನೆ ಮಠ ಕಳೆದುಕೊಂಡವರು ಹೊಸದಾಗಿ ಸಂಸಾರ ಕಟ್ಟಿಕೊಳ್ಳುವುದೂ ನಿಜವೇ ಅಲ್ಲವೇ? ದುರಂತ ಆದ ಮೇಲೂ ಜನ ನಗ್ತಾರೆ, ಪ್ರೀತಿಸ್ತಾರೆ, ಇಸ್ಪೀಟಾಡ್ತಾರೆ. ಹೊಸದರಲ್ಲಿ ಇಂಥ ಗಳಿಗೆಗಳು ಬರುಬರುತ್ತಾ ಬತ್ತಿಹೋದವು ಅನ್ನೋದು ನನ್ನ ದೂರು.

ಮೂರನೇ ಸೀಸನ್ನಿನ ಆರಂಭದಲ್ಲಿ, 2006ರಲ್ಲಿ, ನ್ಯೂ ಕ್ಯಾಪ್ರಿಕಾ ಅನ್ನೋ ನೆಲದಲ್ಲಿ ಮನುಷ್ಯರು ಸೈಲಾನ್‌ಗಳ ಆಳ್ವಿಕೆಯಲ್ಲಿ ಇರ್ತಾರೆ. ಅಮೆರಿಕದ ಸೈನ್ಯ ಇರಾಕಿನಲ್ಲಿ ಕೂತಿದ್ದ ಕಾಲ ಅದು. ಆ ಹೊತ್ತಲ್ಲಿ ಅಮೆರಿಕದ್ದೇ ಟೀವಿಯಲ್ಲಿ, ನಾವು ಮೆಚ್ಚಿದ ಪಾತ್ರಗಳೇ ಆತ್ಮಹತ್ಯಾ ಬಾಂಬರ್‌ಗಳನ್ನು ಕಳಿಸಿದ್ದನ್ನು ತೋರಿಸಿದರು. ಆ ಧೈರ್ಯಕ್ಕೆ ಕೈ ಮುಗೀತೀನಿ. 2009ರ ಮಾರ್ಚಲ್ಲಿ ನಟರನ್ನೂ ನಿರ್ಮಾಪಕರನ್ನೂ ನ್ಯೂಯಾರ್ಕಿನ ವಿಶ್ವಸಂಸ್ಥೆಗೇ ಕರೆಸಿ ಮಾನವ ಹಕ್ಕು, ಭಯೋತ್ಪಾದನೆ ಬಗ್ಗೆ ಚರ್ಚೆ ನಡೆಸಿದ್ದರಲ್ಲಿ ಆಶ್ಚರ್ಯ ಇಲ್ಲ. ಅಲ್ಲಿವರೆಗೆ ಕತ್ತಲೆಗೂ ಕತೆಗೂ ಸಂಬಂಧ ಗಟ್ಟಿಯಾಗಿತ್ತು.

ನಾಲ್ಕನೇ ಸೀಸನ್ನಿನಲ್ಲಿ ಅದು ಚಟ ಆಯ್ತು. ನೆಲೆಗಾಗಿ ಅವರೆಲ್ಲ ಹುಡುಕುತ್ತಿದ್ದ ಭೂಮಿ ಸುಟ್ಟ ಮಣ್ಣು ಅಂತ ಗೊತ್ತಾದ ಮೇಲೆ ಗ್ಯಾಲಾಕ್ಟಿಕಾದ ಅಧಿಕಾರಿ ಡುವಾಲಾ ಒಂದು ಸಂಜೆ ಖುಷಿಯಾಗಿ ಕಳೆದು, ರೂಮಿಗೆ ಬಂದು, ಹಾಡು ಗುನುಗ್ತಾ ತನಗೆ ತಾನೇ ಗುಂಡು ಹೊಡೆದುಕೊಳ್ತಾಳೆ. ಆ ದೃಶ್ಯ ಅದ್ಭುತವಾಗಿದೆ, ಒಪ್ತೀನಿ. ಆದರೆ ಆಮೇಲೂ ದಂಗೆ, ಮರಣದಂಡನೆ, ಒಂದರ ಮೇಲೊಂದು. ಪ್ರತಿ ಕಂತಿನಲ್ಲೂ ಯಾರೋ ಒಬ್ಬರು ಮುರಿದುಬೀಳ್ತಾರೆ ಅಂತ ಮೊದಲೇ ಗೊತ್ತಾದರೆ ಮನಸ್ಸು ಗಟ್ಟಿಮಾಡಿಕೊಂಡು ನೋಡ್ತೀವಿ, ಆಗ ಏನೂ ತಾಗುವುದಿಲ್ಲ. ಕೊನೆಗೆ ಎಲ್ಲವನ್ನೂ ದೈವದ ಕೈಗೆ ಒಪ್ಪಿಸಿ ಮುಗಿಸಿದ್ದೂ ನನಗೆ ಒಗ್ಗಲಿಲ್ಲ.

ಹಳೆಯ ಅಪೊಲೊ ರಿಚರ್ಡ್ ಹ್ಯಾಚ್ ಬಗ್ಗೆಯೂ ಹೇಳಬೇಕು. ಅದೇ ಹಳೆಯ ಕತೆಯನ್ನು ಮುಂದುವರಿಸಲು ವರ್ಷಗಟ್ಟಲೆ ಓಡಾಡಿ, ಸ್ವಂತ ದುಡ್ಡಲ್ಲಿ ಒಂದು ಟ್ರೈಲರ್ ಕೂಡ ಮಾಡಿದ ಮನುಷ್ಯ. ರೀಮೇಕ್ ಬಂದಾಗ ಮೊದಲು ವಿರೋಧಿಸಿದರು. ಆಮೇಲೆ ಅದರಲ್ಲೇ ಟಾಮ್ ಝರೆಕ್ ಅನ್ನೋ ಬಂಡುಕೋರನ ಪಾತ್ರ ಮಾಡಿದರು. ಎಂಥ ಪಾತ್ರ ಅದು! ಎರಡನ್ನೂ ಪ್ರೀತಿಸಬಹುದು ಅನ್ನೋದಕ್ಕೆ ಅವರೇ ಸಾಕ್ಷಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಮಗಳೂ ಪಕ್ಕದಲ್ಲಿ ಕೂತು ಓದಿದಳು, ಮಂಗಳೂರಿನವರ ಎಚ್ಚರಿಕೆಯನ್ನೂ ಸೇರಿಸಿ. ಸ್ಟಾರ್‌ಬಕ್ ಹುಡುಗಿ ಆಗಿದ್ದಾಳೆ ಅಂತ ಕೇಳಿ ಕುಣೀತಿದ್ದಾಳೆ. ಹಳೇ ಸ್ಟಾರ್‌ಬಕ್‌ನ ಲವಲವಿಕೆ ಅವಳಲ್ಲೂ ಇದೆಯಾ?

ಬೆಂಗಳೂರಿನಿಂದ

ಇದೆ. ಸಿಗಾರು, ಜೂಜು, ಅಧಿಕಪ್ರಸಂಗ ಎಲ್ಲ ಹಾಗೇ ಇದೆ. ಹಳೆಯ ಸ್ಟಾರ್‌ಬಕ್ ಡರ್ಕ್ ಬೆನೆಡಿಕ್ಟ್ ಈ ಬದಲಾವಣೆಯನ್ನು ಬಹಿರಂಗವಾಗಿಯೇ ಖಂಡಿಸಿ ಬರೆದರು. ನನಗೆ ಮಾತ್ರ ರೀಮೇಕಿನ ಅತಿ ದೊಡ್ಡ ಗಳಿಕೆ ಇವಳೇ. ಹಳೆಯದರಲ್ಲಿ ಅಡಾಮಾನ ಕಿರಿಮಗ ಜ್ಯಾಕ್ ಸೈಲಾನ್ ದಾಳಿಯಲ್ಲಿ ಸಾಯುತ್ತಾನೆ, ಒಂದೆರಡು ದೃಶ್ಯದಲ್ಲಿ ದುಃಖ ಮುಗಿಯುತ್ತದೆ. ಹೊಸದರಲ್ಲಿ ಅವನು ಯುದ್ಧಕ್ಕೂ ಮೊದಲೇ ವಿಮಾನ ಅಪಘಾತದಲ್ಲಿ ಸತ್ತಿರುತ್ತಾನೆ. ಅವನಿಗೆ ತರಬೇತಿ ಕೊಟ್ಟವಳು ಸ್ಟಾರ್‌ಬಕ್. ಪಾಸಾಗುವ ಯೋಗ್ಯತೆ ಇರಲಿಲ್ಲ, ಆದರೂ ಪ್ರೀತಿಗೆ ಕಟ್ಟುಬಿದ್ದು ಪಾಸು ಮಾಡಿರುತ್ತಾಳೆ. ಅವಳನ್ನು ಸ್ವಂತ ಮಗಳ ಹಾಗೆ ನೋಡುವ ಅಡಾಮಾಗೆ ಅದು ಗೊತ್ತಿಲ್ಲ. ಗೊತ್ತಾಗುವ ಕಂತು ಮೊದಲ ಸೀಸನ್ನಿನಲ್ಲೇ ಬರುತ್ತದೆ. ಅಡಾಮಾ ಪಾತ್ರದ ಎಡ್ವರ್ಡ್ ಜೇಮ್ಸ್ ಓಲ್ಮೋಸ್ ದನಿ ಏರಿಸದೆ ಅವಳನ್ನು ಹೊರಗೆ ಕಳಿಸುವ ರೀತಿ ನೋಡಿ. ಒಂದು ಹನಿ ರಕ್ತ ಇಲ್ಲ, ಆದರೂ ಇಡೀ ಸೀರೀಸಿನಲ್ಲಿ ಅಷ್ಟು ಕಠೋರವಾದ ದೃಶ್ಯ ಕಡಿಮೆ.

ಮೈಸೂರಿನಿಂದ

ಯಾರೂ ಸಂಗೀತದ ಮಾತೇ ಎತ್ತಿಲ್ಲ. ಶೀರ್ಷಿಕೆ ಬರುವಾಗ ಕಿವಿಗೊಡಿ, ಹೆಣ್ಣುದನಿ ಹಾಡುತ್ತಿರುವುದು ನಮ್ಮ ಗಾಯತ್ರಿ ಮಂತ್ರ. ರಿಚರ್ಡ್ ಗಿಬ್ಸ್ ಅದನ್ನು ತಂದರು, ಮುಂದೆ ಬೇರ್ ಮೆಕ್‌ಕ್ರಿಯರಿ ಜಪಾನಿನ ಟೈಕೋ ಡೋಲು, ಅರ್ಮೇನಿಯದ ದುಡುಕ್ ಸೇರಿಸಿ ಕತೆಯುದ್ದಕ್ಕೂ ಬೆಳೆಸಿದರು. ಹಳೆಯದರ ಸ್ಟೂ ಫಿಲಿಪ್ಸ್ ತುತ್ತೂರಿ ಧಾಟಿಯ ಸಂಗೀತ ನನಗೆ ಪ್ರಾಣ. ಹೊಸದರಲ್ಲಿ ಅದು ಗ್ಯಾಲಾಕ್ಟಿಕಾದ ಜಗತ್ತಿನ ರಾಷ್ಟ್ರಗೀತೆಯಾಗಿ ಒಂದೊಂದು ಕಡೆ ಕೇಳಿಬರುತ್ತದೆ. ಕೇಳಿದಾಗ ಮೈ ಜುಮ್ಮೆನ್ನುತ್ತದೆ.

ಧಾರವಾಡದಿಂದ

ಎಲ್ಲಿಂದ ಶುರು ಅಂತ ಕೇಳಿದ್ರಿ, ಅದನ್ನ ಎಲ್ಲಾರೂ ಮರತ್ರಿ. ಸೀಸನ್ ಒಂದರಿಂದ ಅಲ್ರಿ, 2003ರ ಮಿನಿ ಸೀರೀಸಿನಿಂದ. ಸುಮಾರು ಮೂರು ತಾಸಿನದು, ಎರಡು ಭಾಗ. ಕೆಲವು ಕಡೆ ಅದನ್ನ ಬ್ಯಾರೇನ ಇಟ್ಟಿರ್ತಾರ, ಹುಡುಕ್ರಿ. ಅದನ್ನ ಬಿಟ್ಟು ‘33’ ಹಾಕಿದ್ರ ಯಾರು ಯಾರಂತ ತಿಳಿಯೂದಿಲ್ಲ. ಮಿನಿ ಸೀರೀಸಿನಾಗನ ಒಂದು ಹಸುಗೂಸಿನ ಸಾವು ಅದ, ಪ್ಯಾಟ್ಯಾಗ, ಮೊದಲ ಭಾಗದಾಗ. ಅದಕ್ಕ ಅದನ್ನೂ ನೀವು ಮೊದಲ ನೋಡಿಬಿಡ್ರಿ. ಮೊದಲ ಸೀಸನ್ ಮಗಳ ಜೋಡಿ ನೋಡಬಹುದು, ಅಲ್ಲಲ್ಲಿ ಪ್ರಣಯದ ದೃಶ್ಯ ಬಂದಾಗ ಮುಂದ ಓಡಿಸ್ರಿ. ‘ಪೆಗಾಸಸ್’ ಬಗ್ಗೆ ಮಂಗಳೂರಿನವರು ಹೇಳ್ಯಾರ. ಡುವಾಲಾ ಕಂತಿಗೂ ಅದೇ ಮಾತು. ‘ರೇಜರ್’ ಅನ್ನೋ ಸಿನಿಮಾ ಕೇನ್ ಕತಿ ಆದ್ರೂ ಅದನ್ನ ಮೂರನೇ ಸೀಸನ್ ಮುಗಿದ ಮ್ಯಾಲೆ ನೋಡ್ರಿ, ಮುಂದಿನ ಗುಟ್ಟು ಅದರಾಗ ಅದ. ‘ಗ್ಯಾಲಾಕ್ಟಿಕಾ 1980’ ಅಂತ ಹಳೆಯದರ ಮುಂದಿನ ಭಾಗ ಸಿಕ್ರ ಬಿಟ್ಟುಬಿಡ್ರಿ, ಅದು ಯಾರಿಗೂ ಬ್ಯಾಡ.