ಸೈಡ್‌ಲೈನ್ ಇನ್‌ಬೌಂಡ್ ಪ್ಲೇ ಹೇಗೆ ಕಟ್ಟುತ್ತೀರಿ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಹೈಸ್ಕೂಲ್ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಕೋಚ್ ಆಗಿದ್ದೇನೆ. ಬೇಸ್‌ಲೈನ್‌ನಿಂದ (ರಿಂಗ್ ಹಿಂದಿನ ಗೆರೆ) ಬಾಲ್ ಒಳಗೆ ಹಾಕುವಾಗ, ಅಂದ್ರೆ ಇನ್‌ಬೌಂಡ್ ಮಾಡುವಾಗ, ಅಷ್ಟು ತೊಂದರೆ ಇಲ್ಲ. ಸೈಡ್‌ಲೈನ್‌ಗೆ (ಪಕ್ಕದ ಗೆರೆ) ಬಂದರೆ ಮಾತ್ರ ಬಾಲ್ ಹಾಕಲು ಇರುವ 5 ಸೆಕೆಂಡ್ ಮುಗಿದುಹೋಗುತ್ತದೆ, ಇಲ್ಲಾಂದ್ರೆ ಬಾಲ್ ಎದುರಾಳಿ ಕೈಗೆ ಹೋಗುತ್ತದೆ. ಹುಡುಕಿದರೆ ನೂರಾರು ಪ್ಲೇ ಸಿಗುತ್ತವೆ. ಯಾವುದನ್ನು ಹಿಡಿಯಲಿ, ಎಷ್ಟು ಕಲಿಸಲಿ?

ಕಾಲೇಜು ತಂಡದ ಕೋಚ್:
ಮೇಡಂ, ಪ್ಲೇಯನ್ನು ರಿಂಗ್ ಕಡೆಯಿಂದ ಬರೆಯಬೇಡಿ, ಗೆರೆ ಕಡೆಯಿಂದ ಬರೆಯಿರಿ. ಬಾಲ್ ಮೊದಲು ಯಾರ ಕೈಗೆ ನಿಶ್ಚಿಂತೆಯಿಂದ ಬರುತ್ತದೆ ಅನ್ನೋದು ತೀರ್ಮಾನ ಆಗಲಿ, ಸ್ಕೋರ್ ಆಮೇಲೆ. ಬೇಸ್‌ಲೈನ್‌ನಲ್ಲಿ ಡಿಫೆಂಡರ್‌ಗಳು ರಿಂಗ್ ಕಾಯೋಕೆ ಒಳಗೆ ಸೇರಿಕೊಳ್ಳುತ್ತಾರೆ, ಹೊರಗೆ ಒಂದು ಪಾಸ್ ಸಿಗುತ್ತದೆ. ಸೈಡ್‌ಲೈನ್‌ನಲ್ಲಿ ರಿಂಗ್ ದೂರ, ಹಾಗಾಗಿ ಪಾಸ್ ದಾರಿಗೇ ಅಡ್ಡ ಬರುತ್ತಾರೆ.

ನಾನು ಬಾಕ್ಸ್ ಒಂದನ್ನೇ ಕಲಿಸೋದು. ಫ್ರೀ ಥ್ರೋ ಲೈನ್‌ನ ಎರಡು ತುದಿಯಲ್ಲಿ ಇಬ್ಬರು, ಕೆಳಗೆ ರಿಂಗ್‌ನ ಎರಡು ಪಕ್ಕ ಇಬ್ಬರು. ಬಾಲ್ ಬಲಗಡೆ ಇದೆ ಅಂದುಕೊಳ್ಳಿ. ಬಲಗಡೆ ಕೆಳಗಿರುವ ಶೂಟರ್ ಎಡಕ್ಕೆ ಹೋಗಿ ಅಲ್ಲಿರುವ ಎತ್ತರದ ಹುಡುಗಿಗೆ ಸ್ಕ್ರೀನ್ ಹಾಕುತ್ತಾಳೆ, ಅಂದ್ರೆ ಅವಳ ಡಿಫೆಂಡರ್ ದಾರಿಗೆ ಅಡ್ಡ ನಿಲ್ಲುತ್ತಾಳೆ. ಎತ್ತರದವಳು ಬಾಲ್ ಕಡೆ ಬರುತ್ತಾಳೆ. ಅದೇ ಹೊತ್ತಿಗೆ ಎಡಗಡೆ ಮೇಲಿರುವವಳು ಕೆಳಗಿಳಿದು ಆ ಶೂಟರ್‌ಗೇ ಸ್ಕ್ರೀನ್ ಹಾಕುತ್ತಾಳೆ, ಶೂಟರ್ ಮೇಲಕ್ಕೆ ಓಡಿ ಬರುತ್ತಾಳೆ. ಎಷ್ಟೋ ಸಲ ಶೂಟರೇ ಖಾಲಿ ಸಿಗುತ್ತಾಳೆ, ಯಾಕಂದ್ರೆ ಅವಳ ಡಿಫೆಂಡರ್ ಎತ್ತರದವಳ ಮೊದಲ ಓಟ (ಕಟ್) ತಡೆಯೋಕೆ ಒಂದು ಹೆಜ್ಜೆ ಒಳಗೆ ಹೋಗಿರುತ್ತಾಳೆ, ವಾಪಸ್ ಬರುವಾಗ ಎದುರಿಗೆ ಸ್ಕ್ರೀನ್. ಎದುರಾಳಿ ಎಲ್ಲದಕ್ಕೂ ಸ್ವಿಚ್ (ತಾವು ಕಾಯುವವರನ್ನು ಅದಲುಬದಲು) ಮಾಡ್ತಾ ಇದ್ದರೆ ಸ್ಕ್ರೀನ್ ಹಾಕೋ ಹಾಗೆ ಹೋಗಿ, ಹಾಕದೆ ಸೀದಾ ರಿಂಗ್‌ಗೆ ತಿರುಗಲು ಹೇಳಿ.

ಬಲಗಡೆ ಮೇಲಿರುವ ಪಾಯಿಂಟ್ ಗಾರ್ಡ್ ಮಾತ್ರ ಸುಮ್ನೆ ಕಾಯಬೇಕು. ಸೆಕೆಂಡ್ ಎಣಿಸುವ ರೆಫರಿ ಕೈ ಮೂರನೇ ಸಲ ಬೀಸಿದಾಗ ಅವಳು ಸೆಂಟರ್ ಲೈನ್ ಕಡೆ ಜೋರಾಗಿ ಹೊರಗೆ ಬರಲಿ. ಈ ಸೇಫ್ಟಿ ಪಾಸ್ ಇಲ್ಲದ ಪ್ಲೇ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ನೋಡಿ ಪ್ಲೇ ತೆಗೆದುಕೊಳ್ಳುವವರು ಇಲ್ಲೇ ಎಡವುತ್ತಾರೆ. ಅಲ್ಲಿ ಆಟಗಾರನೇ ಟೈಮ್‌ಔಟ್ ಕೇಳಿ ಪಾರಾಗಬಹುದು. ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಆಟಗಾರ್ತಿ ಕೇಳುವ ಹಾಗಿಲ್ಲ, ಬಾಲ್ ಥ್ರೋ ಮಾಡುವವಳ ಕೈ ಸೇರಿದ ಮೇಲೆ ಕೋಚ್ ಕೇಳಿದರೂ ಸಿಗುವುದಿಲ್ಲ.

ಥ್ರೋ ಮಾಡೋಕೆ ಇನ್ನೊಬ್ಬ ಎತ್ತರದ ಹುಡುಗಿಯನ್ನೇ ನಿಲ್ಲಿಸಿ, ಡಿಫೆಂಡರ್ ಕೈ ಮೇಲಿಂದ ಕಾಣುತ್ತದೆ.

ಮಾಜಿ ಆಟಗಾರ್ತಿ:
ಸರ್, ಕೊನೆ ಮಾತು ನಾನು ಒಪ್ಪಲ್ಲ. ತಂಡದಲ್ಲಿ ಯಾರ ಪಾಸ್ ಚೆನ್ನಾಗಿದೆಯೋ ಅವಳೇ ಹಾಕಲಿ, ಎತ್ತರ ಎರಡನೇ ಮಾತು. ನಾನು ಆಡುತ್ತಿದ್ದಾಗ ಹೆಚ್ಚಾಗಿ ನಾನೇ ಥ್ರೋ ಮಾಡುತ್ತಿದ್ದೆ, ಎತ್ತರ ಇರಲಿಲ್ಲ. ಪಕ್ಕಕ್ಕೆ ಎರಡೂ ದಿಕ್ಕು ಸೇರಿ ಒಟ್ಟು 1 ಮೀಟರ್ ಅಷ್ಟೇ ಸರಿಯಬಹುದು, ಆದರೆ ನೇರ ಹಿಂದಕ್ಕೆ ಜಾಗ ಇದ್ದಷ್ಟೂ ಹೋಗಬಹುದು, ಇದು ತುಂಬಾ ಜನರಿಗೆ ಗೊತ್ತೇ ಇರೋದಿಲ್ಲ. ಎರಡು ಹೆಜ್ಜೆ ಹಿಂದೆ ಹೋದರೆ ಎದುರಿಗೆ ಕೈ ಆಡಿಸುವವಳು ಸಣ್ಣಗಾಗುತ್ತಾಳೆ, ಇಡೀ ಕೋರ್ಟ್ ಕಾಣುತ್ತದೆ. ಮೇಲೆ ಫೇಕ್ ಮಾಡಿ ಕೆಳಗೆ ಬೌನ್ಸ್ ಪಾಸ್ ಹಾಕೋದನ್ನು ರೂಢಿ ಮಾಡಿಸಿ.

ಪಾಸ್ ಮಾಡಿದ ಮೇಲೆ ಅವಳನ್ನು ಮರೆಯಬೇಡಿ ಮೇಡಂ. ಬಾಲ್ ಒಳಗೆ ಹೋದ ಕೂಡಲೇ ಅವಳ ಡಿಫೆಂಡರ್ ತಲೆ ತಿರುಗಿಸಿ ಬಾಲ್ ನೋಡುತ್ತಾಳೆ, ಆ ಒಂದು ಕ್ಷಣ ಸಾಕು. ಮೇಲಿನ ಬಾಕ್ಸ್‌ನಲ್ಲೇ ಬಾಲ್ ಶೂಟರ್ ಕೈಗೆ ಬಂದರೆ, ಥ್ರೋ ಮಾಡಿದವಳು ಎತ್ತರದ ಹುಡುಗಿಯ ಭುಜ ಸವರಿಕೊಂಡು ರಿಂಗ್‌ಗೆ ಓಡಲಿ. ಎಡಗಡೆ ಕೆಳಗೆ ಉಳಿದವಳು ಮೂಲೆಗೆ ಸರಿದು ಜಾಗ ಬಿಡಬೇಕು.

ಬಾಲ್ ಹಿಡಿಯುವವರು ನಿಂತಲ್ಲೇ ಕೈ ಚಾಚಬಾರದು, ಬಾಲ್‌ಗೆ ಎದುರು ಹೋಗಬೇಕು. 1987ರ ಎನ್‌ಬಿಎ ಈಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನ ಐದನೇ ಪಂದ್ಯ ಹುಡುಗಿಯರಿಗೆ ತೋರಿಸಿ. ಸೆಲ್ಟಿಕ್ಸ್ ಎದುರು ಪಿಸ್ಟನ್ಸ್ 107-106 ಮುಂದೆ, ಬಾಲ್ ಅವರದ್ದೇ, ಉಳಿದದ್ದು ಸುಮಾರು 5 ಸೆಕೆಂಡ್. ಐಸಯಾ ಥಾಮಸ್ ಲೈಂಬೀರ್‌ಗೆ ಮೆಲ್ಲಗೆ ಪಾಸ್ ಹಾಕಿದರು. ಲ್ಯಾರಿ ಬರ್ಡ್ ನಡುವೆ ನುಗ್ಗಿ ಕಸಿದುಕೊಂಡು ಡೆನಿಸ್ ಜಾನ್ಸನ್‌ಗೆ ಕೊಟ್ಟರು, ಸೆಲ್ಟಿಕ್ಸ್ 108-107ರಲ್ಲಿ ಗೆದ್ದಿತು.

ರೆಫರಿ:
ನಿಯಮದ ಕಡೆಯಿಂದ ಕೆಲವು ಸೇರಿಸುತ್ತೇನೆ, ಇವೆಲ್ಲ ಫಿಬಾ ಪ್ರಕಾರ. ಪೇಂಟ್‌ನಲ್ಲಿ (ರಿಂಗ್ ಮುಂದಿನ ಬಣ್ಣದ ಜಾಗ) 3 ಸೆಕೆಂಡ್‌ಗಿಂತ ಹೆಚ್ಚು ನಿಲ್ಲಬಾರದು ಅನ್ನೋ ನಿಯಮ ಗೇಮ್ ಕ್ಲಾಕ್ ಓಡದೆ ಇಲ್ಲ. ಹಾಗಾಗಿ ಬಾಲ್ ಒಳಗೆ ಬರುವವರೆಗೂ ನಿಮ್ಮ ಪೋಸ್ಟ್ ಹುಡುಗಿ (ರಿಂಗ್ ಹತ್ತಿರ ಆಡುವವಳು) ಪೇಂಟ್‌ನಲ್ಲೇ ಜಾಗ ಹಿಡಿದು ನಿಲ್ಲಬಹುದು.

ನಾಲ್ಕನೇ ಕ್ವಾರ್ಟರ್‌ನ ಕೊನೆ 2 ನಿಮಿಷದಲ್ಲಿ, ನಿಮ್ಮ ಬ್ಯಾಕ್‌ಕೋರ್ಟ್‌ನಿಂದ (ನೀವು ಕಾಯುವ ರಿಂಗ್ ಇರುವ ಅರ್ಧ) ಬಾಲ್ ಹಾಕಬೇಕಿದ್ದಾಗ ಟೈಮ್‌ಔಟ್ ತೆಗೆದುಕೊಂಡರೆ, ಅಲ್ಲಿಂದಲೇ ಹಾಕುವುದೋ ಫ್ರಂಟ್‌ಕೋರ್ಟ್‌ನ (ನೀವು ಸ್ಕೋರ್ ಮಾಡುವ ಅರ್ಧ) ಥ್ರೋ-ಇನ್ ಗೆರೆಯಿಂದ ಹಾಕುವುದೋ ಕೋಚ್ ಆಯ್ಕೆ. ಮುಂದೆ ಬಂದರೆ ಶಾಟ್ ಕ್ಲಾಕ್‌ನಲ್ಲಿ (ಶೂಟ್ ಮಾಡಲು ಇರುವ ಸಮಯ) ಸಿಗೋದು ಹೆಚ್ಚೆಂದರೆ 14 ಸೆಕೆಂಡ್. ನೀವು ಮುಂದಿದ್ದು ಸಮಯ ಕಳೆಯಬೇಕಾದರೆ ಹಿಂದಿನಿಂದ ಹಾಕೋದೇ ವಾಸಿ ಅಂತ ಅನಿಸಬಹುದು, ಮೊದಲೇ ಯೋಚಿಸಿಟ್ಟುಕೊಳ್ಳಿ.

ಗೇಮ್ ಕ್ಲಾಕ್‌ನಲ್ಲಿ 0.3 ಸೆಕೆಂಡ್ ಇದ್ದರೆ ಹಿಡಿದು ಶೂಟ್ ಮಾಡಬಹುದು. 0.2 ಅಥವಾ 0.1 ಇದ್ದರೆ ಟ್ಯಾಪ್ (ಹಿಡಿಯದೆ ಕೈಯಿಂದ ತಟ್ಟುವುದು) ಇಲ್ಲವೇ ಗಾಳಿಯಲ್ಲೇ ಹಿಡಿದು ನೇರ ಡಂಕ್, ಅಷ್ಟೇ. 2004ರಲ್ಲಿ ಎನ್‌ಬಿಎಯಲ್ಲಿ ಸ್ಪರ್ಸ್ ಎದುರು ಲೇಕರ್ಸ್‌ನ ಡೆರೆಕ್ ಫಿಷರ್ 0.4 ಸೆಕೆಂಡ್‌ನಲ್ಲಿ ಗೆಲ್ಲಿಸಿದ್ದು ಸೈಡ್‌ಲೈನ್ ಪಾಸ್‌ನಿಂದಲೇ. ಕಣ್ಣೆಲ್ಲ ಕೋಬಿ ಬ್ರಯಂಟ್ ಮತ್ತು ಶಕೀಲ್ ಓನೀಲ್ ಮೇಲಿತ್ತು. ಗ್ಯಾರಿ ಪೇಟನ್ ಗಾಬರಿಯಾಗದೆ ಬಾಲ್ ಕಡೆ ಓಡಿ ಬಂದ ಫಿಷರ್‌ಗೆ ಕೊಟ್ಟರು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಬಾಕ್ಸ್ ಒಂದೇ ಹಿಡಿಯುತ್ತೇನೆ. ಎದುರಾಳಿ ಝೋನ್ (ಆಟಗಾರ್ತಿಯ ಬದಲು ಒಬ್ಬೊಬ್ಬರೂ ಒಂದೊಂದು ಜಾಗ ಕಾಯುವುದು) ಆಡಿದರೆ ಏನು ಮಾಡೋದು?

ಕಾಲೇಜು ತಂಡದ ಕೋಚ್:
ಝೋನ್‌ಗೆ ಅಷ್ಟು ಸ್ಕ್ರೀನ್ ಬೇಡ. ಬಾಲ್ ಕಡೆಯ ಮೂಲೆಗೆ ಒಬ್ಬಳು, ಅದೇ ಕಡೆ ಪೋಸ್ಟ್‌ನಲ್ಲಿ ಇನ್ನೊಬ್ಬಳು ನಿಲ್ಲಲಿ. ಕೆಳಗಿನ ಡಿಫೆಂಡರ್ ಒಬ್ಬಳೇ ಇಬ್ಬರನ್ನು ನೋಡಬೇಕಾಗುತ್ತದೆ, ಅವಳು ಯಾರನ್ನು ಬಿಡುತ್ತಾಳೋ ಅವಳಿಗೆ ಪಾಸ್. ಇನ್ನೊಂದು, ಅಭ್ಯಾಸದಲ್ಲಿ ಡಿಫೆನ್ಸ್‌ಗೆ ನಿಮ್ಮ ಪ್ಲೇ ಮೊದಲೇ ಹೇಳಿಬಿಡಿ, ಒಬ್ಬರು ಜೋರಾಗಿ 5 ಎಣಿಸಲಿ. ಗೊತ್ತಿದ್ದೂ ತಡೆಯೋಕೆ ಆಗದಿದ್ದಾಗ ಮಾತ್ರ ಅದನ್ನು ಮ್ಯಾಚ್‌ಗೆ ತನ್ನಿ.